ಹೇಳಿಕೆ ಮುನಿಯಮ್ಮನದು, ಮಾತು ನನ್ನದು

ನನ್ನ ಅಕ್ಷರ ಚೆನ್ನಾಗಿತ್ತು. ಪೊಲೀಸ್ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅರ್ಧಕ್ಕೆ ಅದೇ ಕಾರಣ. ನನ್ನ ಭಾಷೆಯೂ ಚೆನ್ನಾಗಿತ್ತು ಎನ್ನುವುದು ಉಳಿದರ್ಧಕ್ಕೆ ಕಾರಣ.

ಈಗ ಇಲಾಖೆಗೆ ಸೇರುತ್ತಿರುವವರು ಸಿಕ್ಕಾಗ, ನಿಮ್ಮ ಕಾಲದ ಕೇಸುಗಳನ್ನು ಹೇಳಿ ಸಾರ್ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ರೌಡಿಗಳನ್ನು ಬೆನ್ನಟ್ಟಿದ ಕಥೆ. ಇಡೀ ನೌಕರಿಯಲ್ಲಿ ನಾನು ಬೆನ್ನಟ್ಟಿ ಹೋದದ್ದು ಒಂದೇ ಸಲ. ಅದೂ ಗಾಳಿಗೆ ಹಾರಿದ ಒಂದು ಮಹಜರಿನ ಹಾಳೆಯನ್ನು, ಸೌತ್ ಎಂಡ್ ಸರ್ಕಲ್‌ವರೆಗೆ. ಹಾಳೆ ಸಿಗಲಿಲ್ಲ. ಠಾಣೆಗೆ ವಾಪಸ್ ಬಂದು ನೆನಪಿನಿಂದ ಇನ್ನೊಂದು ಬರೆದೆ. ಅದು ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಆಗಲೇ ನನಗೆ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ನಾನು ಹೆಡ್ ಕಾನ್‌ಸ್ಟೇಬಲ್, ಜನರ ಬಾಯಲ್ಲಿ ದಫೇದಾರ್. ದಕ್ಷಿಣ ಬೆಂಗಳೂರಿನ ಒಂದು ಠಾಣೆಯಲ್ಲಿ ಸ್ಟೇಷನ್ ರೈಟರ್ ಆಗಿದ್ದೆ. ಠಾಣೆಯ ಹೆಸರು ಬೇಡ. ತೊಂಬತ್ತರ ದಶಕದ ಮಾತು. ದೂರು, ಮಹಜರು, ಸಾಕ್ಷಿಗಳ ಹೇಳಿಕೆ, ಎಲ್ಲವೂ ಕೈಬರಹ. ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಇಟ್ಟು ಒತ್ತಿ ಬರೆಯಬೇಕು. ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ಸಾಹೇಬರು, ಪ್ರಶ್ನೆ ಕೇಳುವವರು ಅವರು, ಉತ್ತರ ಕೊಡುವವರು ಸಾಕ್ಷಿಗಳು. ಇವರೆಲ್ಲರ ನಡುವೆ ಪೆನ್ನು ಹಿಡಿದು ಕೂತವನು ನಾನು. ಸಾಕ್ಷಿಯ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಕಾನೂನೇ ಹಾಗಿದೆ. ಆದ್ದರಿಂದ ಆ ಕಾಗದದ ಮೇಲೆ ಏನು ಬಂದರೂ ಅದಕ್ಕೆ ನಾನೊಬ್ಬನೇ ದಿಕ್ಕು.

ಜನ ಮಾತಾಡುವ ಹಾಗೆ ಬರೆಯುವುದು ನನಗೆ ಅವಮಾನ ಎನಿಸುತ್ತಿತ್ತು. ಒಬ್ಬ ತಮಿಳು ಗಾರೆ ಮೇಸ್ತ್ರಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ಇಪ್ಪತ್ತು ಪದ. ನನ್ನ ಕೈಯಿಂದ ಹೊರಬಂದ ಹೇಳಿಕೆಯಲ್ಲಿ ಆತ, "ಸದರಿ ದಿನ ಪ್ರಾತರ್ವಿಧಿಗಳನ್ನು ಪೂರೈಸಿಕೊಂಡು ಕಾರ್ಯನಿಮಿತ್ತ ತೆರಳುತ್ತಿರಲಾಗಿ" ಎಂದು ಶುರು ಮಾಡಿದ್ದ. ಇನ್‌ಸ್ಪೆಕ್ಟರ್ ನಂಜುಂಡಪ್ಪನವರು ಅದನ್ನು ಠಾಣೆಯವರಿಗೆಲ್ಲ ಓದಿ ತೋರಿಸಿ, ಹೇಳಿಕೆ ಎಂದರೆ ಹೀಗಿರಬೇಕು ಎಂದರು. ಆ ವಾರವೆಲ್ಲ ನಾನು ಕಾಲರ್ ಎತ್ತಿಕೊಂಡು ಓಡಾಡಿದೆ. ಮೇಸ್ತ್ರಿ ನಿಜವಾಗಿ ಏನು ಹೇಳಿದ್ದನೆಂದು ಆ ವಾರದ ಕೊನೆಗೆ ನನಗೇ ನೆನಪಿರಲಿಲ್ಲ.

ನಂಜುಂಡಪ್ಪನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕೆಟ್ಟವರಲ್ಲ. ಯಾರ ಹತ್ತಿರವೂ ಒಂದು ಲೋಟ ಕಾಫಿ ಕೂಡ ಬಿಟ್ಟಿ ಕುಡಿದವರಲ್ಲ. ತಮ್ಮ ಮನಸ್ಸು ಸ್ವಚ್ಛವಾಗಿದೆ, ಆದ್ದರಿಂದ ತಾವು ಹಿಡಿದವನೇ ಕಳ್ಳ ಎಂಬ ನಂಬಿಕೆ ಮಾತ್ರ ಅವರಿಗೆ ಬಲವಾಗಿತ್ತು. "ಸಾಕ್ಷಿ ಅನುಮಾನದಲ್ಲಿ ಮಾತಾಡ್ಬಾರ್ದು ಕಣಯ್ಯ. ಅನುಮಾನ ಇದ್ರೆ ಕಳ್ಳ ಮನೆಗೆ ಹೋಗ್ತಾನೆ," ಎನ್ನುತ್ತಿದ್ದರು. ಹಾಗಾಗಿ ಸಾಕ್ಷಿಗಳ ಅನುಮಾನವನ್ನು ನಾನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಎಸೆಯುತ್ತಿದ್ದೆ. "ಅನ್ಸತ್ತೆ", "ಇರ್ಬೋದು", "ಆ ಥರ ಇತ್ತು", ಇವೆಲ್ಲ ನನ್ನ ಪೆನ್ನಿಗೆ ಆಗದ ಪದಗಳು. ಪ್ರತಿ ಹೇಳಿಕೆಯ ಕೊನೆಗೆ ಒಂದು ವಾಕ್ಯ ತಾನೇ ತಾನಾಗಿ ಇಳಿದು ಬರುತ್ತಿತ್ತು: "ಸದರಿ ಆಸಾಮಿಯ ಮುಖಚಹರೆಯನ್ನು ಸ್ಪಷ್ಟವಾಗಿ ಕಂಡಿದ್ದು, ಪುನಃ ನೋಡಿದಲ್ಲಿ ಖಚಿತವಾಗಿ ಗುರುತಿಸುತ್ತೇನೆ." ಒಂದು ಸಲ, ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅಜ್ಜನ ಹೇಳಿಕೆಗೂ ಅದನ್ನು ಸೇರಿಸಿಬಿಟ್ಟಿದ್ದೆ. ಅದು ದೇವರ ದಯೆಯಿಂದ ಕೋರ್ಟಿಗೆ ಹೋಗುವ ಮೊದಲೇ ರಾಜಿಯಾಯಿತು.

ದೇವರ ದಯೆ ಎಂದದ್ದು ಬಾಯಿಮಾತಿಗೆ. ನಮ್ಮದು ವಸಂತಪುರದ ಹಳೆಯ ಮನೆ, ಅಪ್ಪನ ಕಾಲದಲ್ಲೇ ಬೌದ್ಧರಾದವರು ನಾವು. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಕೂತು ಪಂಚಶೀಲ ಹೇಳುತ್ತಿದ್ದೆವು. ಸುಳ್ಳು ಹೇಳುವುದಿಲ್ಲ ಎನ್ನುವುದು ಅದರಲ್ಲಿ ನಾಲ್ಕನೆಯದು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿ, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಠಾಣೆಗೆ ಹೋಗಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಹೇಳುವುದಿಲ್ಲ ಎಂದು ತಾನೇ ಮಾತು ಕೊಟ್ಟದ್ದು, ಬರೆಯುವುದಿಲ್ಲ ಎಂದಲ್ಲವಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದೆನೋ ಏನೋ.

ಒಂದು ಬೆಳಿಗ್ಗೆ ಜಯನಗರದ ಒಂದು ಅಡ್ಡರಸ್ತೆಯಲ್ಲಿ ಸರೋಜಮ್ಮ ಎಂಬ ನಿವೃತ್ತ ಶಾಲಾ ಶಿಕ್ಷಕಿಯ ಕೊರಳಿನಿಂದ ಬೈಕಿನವನೊಬ್ಬ ಸರ ಕಿತ್ತುಕೊಂಡು ಹೋದ. ಅವರು ಮುಖ ಅಡಿಯಾಗಿ ಬಿದ್ದು ಕನ್ನಡಕ ಪುಡಿಯಾಗಿತ್ತು, ಏನನ್ನೂ ನೋಡಿರಲಿಲ್ಲ. ನೋಡಿದ್ದವರು ಒಬ್ಬರೇ, ಮೂಲೆಯ ದೇವಸ್ಥಾನದ ಮುಂದೆ ಹೂವು ಮಾರುತ್ತಿದ್ದ ಮುನಿಯಮ್ಮ. ಠಾಣೆಗೆ ಕರೆಸಿ ಕೂರಿಸಿದೆವು. ಮುಖ ನೋಡಿದಿರಾ ಎಂದು ಸಾಹೇಬರು ಕೇಳಿದರು.

"ಜುಯ್ ಅಂತ ಹೊಂಟೋದ ಸ್ವಾಮಿ. ಅಂಗಿ ಒಂಥರಾ ಕೆಂಪ್‌ಕೆಂಪ್ಗಿತ್ತು. ಮುಖ ಒಂಚೂರು ಕಂಡಂಗಾಯ್ತು, ಅಷ್ಟೇಯ," ಎಂದರು ಮುನಿಯಮ್ಮ.

ನಾನು ಬರೆದದ್ದು: "ಕಡುಗೆಂಪು ವರ್ಣದ ಅಂಗಿ ಧರಿಸಿದ್ದ ಸದರಿ ಆಸಾಮಿಯು ಮಿಂಚಿನ ವೇಗದಲ್ಲಿ ಧಾವಿಸಿದನು." ಆಮೇಲೆ ಮುಖಚಹರೆಯ ವಾಕ್ಯ. ಅದರ ಕೆಳಗೆ, "ಓದಿ ಹೇಳಲಾಗಿ ಸರಿಯಿದೆ." ಓದಿ ಹೇಳಿರಲಿಲ್ಲ. ಮುನಿಯಮ್ಮನಿಗೆ ಹೂವು ಬಾಡುತ್ತದೆ ಎಂಬ ಆತುರ, ನನಗೆ ತಿಂಡಿಯ ಆತುರ.

ಮೂರನೆಯ ದಿನ ಬಿಟಿಎಂ ಲೇಔಟಿನಲ್ಲಿ ವಾಹನ ತಪಾಸಣೆ ಮಾಡುತ್ತಿದ್ದಾಗ ಕೆಂಪಂಗಿಯವನೊಬ್ಬ ನಮ್ಮವರನ್ನು ಕಂಡು ಬೈಕ್ ತಿರುಗಿಸಿಕೊಂಡು ಓಡಿದ. ಹಿಡಿದು ತಂದರು. ಹೆಸರು ಮಲ್ಲೇಶ, ಗದಗದ ಕಡೆಯವನು, ಬಿಟಿಎಂನದೇ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ ಅಡುಗೆಯವನು. ಯಾಕೋ ಓಡಿದೆ ಎಂದರೆ ಲೈಸೆನ್ಸ್ ಇಲ್ಲ ಎಂದ. ಸಾಹೇಬರು ನಗಲಿಲ್ಲ.

ಅವನು ದಿನವಿಡೀ ಒಂದೇ ಮಾತು ಹೇಳುತ್ತಿದ್ದ. "ಆ ಹೊತ್ತಿನ್ಯಾಗ ನಾ ಉಪ್ಪಿಟ್ಟು ಮಾಡಾಕತ್ತಿದ್ದೆ ಸಾಹೇಬ್ರ. ನಲವತ್ತ್ ಮಂದಿ ತಿಂದಾರ್ರಿ. ಅವರ್ನ ಕೇಳ್ರಿ."

ಜೀಪಿನಲ್ಲಿ ಹತ್ತು ನಿಮಿಷದ ದಾರಿ. ಆ ನಲವತ್ತು ಮಂದಿಯಲ್ಲಿ ಒಬ್ಬರನ್ನೂ ನಾವು ಕೇಳಲಿಲ್ಲ. ಮನೆಯ ಮಾಲೀಕ ತಾನಾಗಿಯೇ ಬರುವವನಲ್ಲ. ಪೊಲೀಸರೆಂದರೆ ಬಾಗಿಲು ಹಾಕಿಕೊಳ್ಳುವವನು. ಕೊನೆಗೆ ನಾನೇ ಸಾಹೇಬರಿಗೆ, ಉಪ್ಪಿಟ್ಟು ಮಾಡಲು ಬೆಳಿಗ್ಗೆಯೆಲ್ಲ ಬೇಕಾಗುವುದಿಲ್ಲ ಸಾರ್ ಎಂದು ಸಲಹೆ ಬೇರೆ ಕೊಟ್ಟೆ. ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಿದವನಲ್ಲ ನಾನು.

ಸಂಶಯ ಬಂದವನನ್ನು ಅವನಂತೆಯೇ ಇರುವ ಹಲವರ ಜೊತೆ ನಿಲ್ಲಿಸಿ, ಠಾಣೆಗೆ ಸಂಬಂಧವಿಲ್ಲದ ಅಧಿಕಾರಿಯ ಎದುರು ಸಾಕ್ಷಿಗೆ ತೋರಿಸಬೇಕು. ಅದಕ್ಕೆ ಗುರುತು ಪೆರೇಡ್ ಎನ್ನುತ್ತಾರೆ. ನಂಜುಂಡಪ್ಪನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮುನಿಯಮ್ಮನನ್ನೇ ಠಾಣೆಗೆ ಕರೆಸಿದರು. ಮಲ್ಲೇಶ ನೆಲದ ಮೇಲೆ ಕೂತಿದ್ದ, ಒಬ್ಬನೇ. ಇವನೇ ತಾನೇ ಎಂದು ಕೇಳಿದರು.

ಮುನಿಯಮ್ಮ ಅವನನ್ನು ನೋಡಿದರು, ಸಾಹೇಬರನ್ನು ನೋಡಿದರು. "ಇರ್ಬೋದು ಸ್ವಾಮಿ. ನೀವೇ ಹಿಡ್ಕೊಂಡ್ ಬಂದಿದೀರಲ್ಲ," ಎಂದರು.

"ನೋಡಿದ ಕೂಡಲೇ ಇವನೇ ಎಂದು ಖಚಿತವಾಗಿ ಗುರುತಿಸಿರುತ್ತೇನೆ" ಎಂದು ನಾನು ಬರೆದೆ. ಗೆರೆ ಎಳೆದ ಹಾಗೆ ಬಂತು ಸಾಲು.

ಸರ ಸಿಗಲೇ ಇಲ್ಲ. ಮಲ್ಲೇಶನಿಗೆ ಜಾಮೀನು ನಿಲ್ಲಲು ಈ ಊರಲ್ಲಿ ಯಾರೂ ಇರಲಿಲ್ಲ. ಕೇಸು ನಡೆಯುವ ಹೊತ್ತಿಗೆ ಅವನು ಜೈಲಿನಲ್ಲಿ ಹತ್ತು ತಿಂಗಳು ಕಳೆದಿದ್ದ.

ಕೋರ್ಟಿನಲ್ಲಿ ಸಾಕ್ಷಿಗಳು ತಮ್ಮ ಸರದಿಯವರೆಗೆ ಹೊರಗೆ ಇರಬೇಕು. ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ, ಒಳಗಿನದೆಲ್ಲ ಕೇಳಿಸುತ್ತಿತ್ತು. ಕಟಕಟೆಯಲ್ಲಿದ್ದ ಮುನಿಯಮ್ಮ, ಇವನೇ ಅಂತ ಹೇಳೋಕೆ ಆಗಲ್ಲ ಎಂದರು. ಸರ್ಕಾರಿ ವಕೀಲರು ನನ್ನ ಬರವಣಿಗೆಯನ್ನು ಓದಿ, ಪೊಲೀಸರ ಮುಂದೆ ಹೀಗೆ ಹೇಳಿದ್ದೀರಲ್ಲ ಎಂದರು. ಅಂಥ ಮಾತು ತನ್ನ ಬಾಯಲ್ಲಿ ಬರುವುದೇ ಇಲ್ಲ ಎಂದರು ಮುನಿಯಮ್ಮ. ಸಾಕ್ಷಿ ತಿರುಗಿಬಿದ್ದಳು ಎಂದುಕೊಂಡ ವಕೀಲರು, ಆರೋಪಿ ಕಡೆಯವರು ನಿನ್ನನ್ನು ಕೊಂಡುಕೊಂಡಿದ್ದಾರೆ ಎಂದು ಆರೋಪ ಹೊರಿಸಿದರು.

"ದೇವಸ್ಥಾನದ ಮುಂದೆ ಕೂತು ಹೂವು ಮಾರೋಳು ನಾನು," ಎಂದರು ಮುನಿಯಮ್ಮ. "ನಾನು ಸುಳ್ಳು ಹೇಳಿದ್ರೆ ನನ್ ಹೂವ ಯಾರ್ ಮುಡೀತಾರೆ ಸ್ವಾಮಿ?"

ಹೊರಗೆ ಬರುವಾಗ ನನ್ನ ಪಕ್ಕದಲ್ಲೇ ಹಾದುಹೋದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಸೆಲ್ಯೂಟ್ ಹೊಡೆಯುತ್ತಿದ್ದೆ. ಗಾಬರಿಯಾದಾಗ ನನಗೆ ಬರುವುದು ಅದೊಂದೇ.

ಆಮೇಲೆ ನನ್ನ ಸರದಿ. ಸಾಹೇಬರು ಆಗಲೇ ಸಾಕ್ಷಿ ಹೇಳಿ ಮುಗಿಸಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮುನಿಯಮ್ಮ ಹೀಗೆ ಹೇಳಿದ್ದು ನಿಜವೇ ಎಂದು ಸರ್ಕಾರಿ ವಕೀಲರು ಕೇಳಿದರು. ಪ್ರಮಾಣ ಮಾಡಿ ಒಂದು ನಿಮಿಷವಾಗಿರಲಿಲ್ಲ, ನಿಜ ಎಂದೆ.

ಮಲ್ಲೇಶನ ಪರ ಇದ್ದವರು ಉಚಿತ ಕಾನೂನು ನೆರವಿನ ಒಬ್ಬ ವಯಸ್ಸಾದ ವಕೀಲರು. ಕಪ್ಪು ಕೋಟು ಕಂದು ಬಣ್ಣಕ್ಕೆ ತಿರುಗಿತ್ತು. ಪಾಟೀಸವಾಲಿಗೆ ಎದ್ದವರು ನನ್ನನ್ನು ಹೆದರಿಸಲಿಲ್ಲ, ಗದರಿಸಲಿಲ್ಲ. ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ದಫೇದಾರ್ರೇ, ಎಂಥಾ ಮುದ್ದಾದ ಅಕ್ಷರ."

ನಾನು ತಲೆ ಬಾಗಿಸಿದೆ.

"'ಮಿಂಚಿನ ವೇಗದಲ್ಲಿ ಧಾವಿಸಿದನು.' ಇಷ್ಟು ವರ್ಷದಿಂದ ಹೇಳಿಕೆಗಳನ್ನ ಓದ್ತಿದೀನಿ, ಇಂಥ ಕನ್ನಡ ನೋಡಿಲ್ಲ. ಮುನಿಯಮ್ಮನವರು ಶಾಲೆ ಮೆಟ್ಟಿಲು ಹತ್ತಿಲ್ಲವಂತೆ. ಆದ್ರೂ ಭಾಷೆ ಮೇಲೆ ಅವರಿಗೆ ಎಂಥಾ ಹಿಡಿತ, ಅಲ್ವಾ?"

ನೋಡಿ, ಇಲ್ಲಿ ನಾನು ನ್ಯಾಯಕ್ಕಾಗಿ ಬಾಯಿ ಬಿಟ್ಟೆ ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ಹಳೆಯ ಚಟಕ್ಕೇ ಬಿದ್ದ ಹಾಗಾಗುತ್ತದೆ. ನಡೆದದ್ದು ಇಷ್ಟೇ: ನಾನು ಕಷ್ಟಪಟ್ಟು ಕಟ್ಟಿದ ವಾಕ್ಯದ ಹೆಸರು ಹೂವಿನವಳಿಗೆ ಹೋಗುತ್ತಿದೆ ಎನ್ನುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಅದು ಅವರದಲ್ಲ ಸ್ವಾಮಿ. ನಾನು ಬರೆದದ್ದು," ಎಂದುಬಿಟ್ಟೆ.

ಟೈಪು ಮಾಡುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸಿದಳು. ಹಿಂದಿನ ಬೆಂಚಿನಲ್ಲಿ ಸಾಹೇಬರು ಕೆಮ್ಮಿದರು. ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕೂತುಬಿಟ್ಟರು. ಕೇಳಿದವರು ನ್ಯಾಯಾಧೀಶರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನೇ ನೋಡುತ್ತ, "ಹಾಗಾದ್ರೆ ಆಕೆ ಏನು ಹೇಳಿದ್ರು? ಆಕೆ ಮಾತಲ್ಲೇ ಹೇಳಿ," ಎಂದರು.

ನೆನಪಿಲ್ಲ ಎನ್ನಬಹುದಿತ್ತು. ನಮ್ಮ ಇಲಾಖೆಯಲ್ಲಿ ಆ ಪದದಿಂದ ಯಾರೂ ಹಾಳಾದದ್ದಿಲ್ಲ. ಮಲ್ಲೇಶನ ಕಡೆ ನೋಡಿದೆ. ಅವನ ಕಣ್ಣು ನನ್ನ ಮೇಲಿರಲಿಲ್ಲ. ಮುಂದಿನ ತಾರೀಖು ಯಾವಾಗ ಕೊಡುತ್ತಾರೋ ಎಂಬಂತೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಈ ಮೂರ್ಖ ದಫೇದಾರನಿಂದ ಏನಾದರೂ ಆದೀತು ಎಂಬ ಆಸೆ ಅವನಿಗಿರಲಿಲ್ಲ.

"ಇರ್ಬೋದು, ನೀವೇ ಹಿಡ್ಕೊಂಡು ಬಂದಿದೀರಲ್ಲ ಅಂದ್ರು ಸ್ವಾಮಿ," ಎಂದೆ. "ಮುಖ ಒಂಚೂರು ಕಂಡಂಗಾಯ್ತು ಅಂದಿದ್ರು. ಗುರುತು ಹಿಡೀತೀನಿ ಅನ್ನೋ ಮಾತನ್ನ ಅವರು ಆಡ್ಲೇ ಇಲ್ಲ."

ಮಲ್ಲೇಶನ ಬಿಡುಗಡೆಯಾಯಿತು. ತೀರ್ಪಿನ ದಿನ ಹೊರಗೆ ಸಿಕ್ಕವನು ನನಗೆ ಕೈಮುಗಿದ. ಹತ್ತು ತಿಂಗಳು ಒಳಗಿಟ್ಟವನಿಗೇ ಕೈಮುಗಿಯುತ್ತಿದ್ದಾನೆ. ನಾನೂ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿ, ಹೋಗು, ಇನ್ನು ಮುಂದೆ ಹುಷಾರಾಗಿರು ಎಂದೆ. ಯಾವುದರ ಬಗ್ಗೆ ಹುಷಾರಾಗಿರಬೇಕಿತ್ತೋ! ಆ ಮಾತು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಾನು ಸಾಕ್ಷಿ ಹೇಳಿದ ದಿನ ನಂಜುಂಡಪ್ಪನವರು ಬೈಯಲಿಲ್ಲ. ಕೋರ್ಟಿನ ಮುಂದೆ ಜೀಪು ಹತ್ತಲು ಹೋದಾಗ, ನೀನು ಬಸ್ಸಲ್ಲಿ ಬಾ ಎಂದರು, ಅಷ್ಟೆ. ಬಸ್ಸು ಸಿಕ್ಕಿ ಠಾಣೆ ಮುಟ್ಟುವಷ್ಟರಲ್ಲಿ ನನ್ನ ಮೇಜಿನ ಮುಂದೆ ಬೇರೊಬ್ಬರು ಕೂತಿದ್ದರು. ಅಲ್ಲಿಂದ ಎರಡು ವರ್ಷ ಬಂದೋಬಸ್ತ್ ಕೆಲಸ: ಸಭೆ, ಮೆರವಣಿಗೆ, ಕ್ರಿಕೆಟ್ ಮ್ಯಾಚು, ಎಲ್ಲದಕ್ಕೂ ಬೆನ್ನು ಮಾಡಿ ನಿಲ್ಲುವುದು. ಮನೆಯಲ್ಲಿ ಹೆಂಡತಿ ರತ್ನಮ್ಮನಿಗೆ ಎಲ್ಲ ಹೇಳಿದೆ. ಕೋರ್ಟಲ್ಲಿ ಸತ್ಯ ಹೇಳಿಬಿಟ್ಟೆ ಕಣೇ ಎಂದು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ. "ಅಷ್ಟು ದಿನ ಏನ್ ಬರೀತಿದ್ರಿ ಮತ್ತೆ?" ಎಂದು ಕೇಳಿ ಆಕೆ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಮುನಿಯಮ್ಮನ ಹತ್ತಿರ ತಪ್ಪಾಯಿತು ಎನ್ನಲು ಹೋದೆ. ಮಲ್ಲಿಗೆ ಕಟ್ಟುತ್ತಿದ್ದವರು ಕೈ ನಿಲ್ಲಿಸದೆ ಕೇಳಿಸಿಕೊಂಡರು. "ನಮಗ್ ಬರೆಯಾಕ್ ಬರಾಕಿಲ್ಲ ಅಂತ ತಾನೇ ನಿಮ್ಮನ್ನ ಅಲ್ಲಿ ಕೂರ್ಸಿರಾದು," ಎಂದರು. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಸರೋಜಮ್ಮ ಟೀಚರಿಗಂತೂ ನಾನು ಕಳ್ಳನನ್ನು ಬಿಡಿಸಿದ ಮನುಷ್ಯ. ಜಯನಗರ ಫೋರ್ತ್ ಬ್ಲಾಕ್ ಬಸ್ ಸ್ಟ್ಯಾಂಡಿನಲ್ಲಿ ಯಾವಾಗ ಕಂಡರೂ ನಿಲ್ಲಿಸಿ, ಮೂರನೇ ಕ್ಲಾಸಿನ ಹುಡುಗನಿಗೆ ಬೈದ ಹಾಗೆ ಬೈಯುತ್ತಿದ್ದರು. ಯೂನಿಫಾರಂನಲ್ಲಿ ಕೈಕಟ್ಟಿ ನಿಂತು ಬೈಸಿಕೊಳ್ಳುವ ಪೊಲೀಸನನ್ನು ಕಂಡು ಬಸ್ಸಿಗೆ ಕಾಯುವವರಿಗೆಲ್ಲ ಒಳ್ಳೆಯ ಹೊತ್ತು ಹೋಗುತ್ತಿತ್ತು.

ಎರಡು ಸಾವಿರ ದಾಟಿದ ಮೇಲೆ ಬನಶಂಕರಿ ಕಡೆಯ ಇನ್ನೊಂದು ಠಾಣೆಯಲ್ಲಿ ನನಗೆ ಮತ್ತೆ ರೈಟರ್ ಕೆಲಸ ಸಿಕ್ಕಿತು. ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ಅಕ್ಷರದ ಜಂಬ ಅಲ್ಲಿಗೆ ಮುಗಿಯಿತು. ಎಲ್ಲರ ಅಕ್ಷರವೂ ಒಂದೇ. ಆದರೆ ಹೊಸ ಯಂತ್ರದಲ್ಲಿ ಹಳೆಯ ತಪ್ಪು ಇನ್ನೂ ಸಲೀಸು. ಒಂದು ಹೇಳಿಕೆಯನ್ನು ಕಾಪಿ ಮಾಡಿ, ಹೆಸರು ಬದಲಾಯಿಸಿದರೆ ಇನ್ನೊಂದು ಹೇಳಿಕೆ ತಯಾರು. ಹಾಗೆ ತಯಾರಾದ ಒಂದರಲ್ಲಿ, ಎಪ್ಪತ್ತು ವರ್ಷದ ವಿಧವೆಯೊಬ್ಬರು "ನಾನು ಮೇಲ್ಕಂಡ ವಿಳಾಸದಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸವಾಗಿರುತ್ತೇನೆ" ಎಂದಿದ್ದರು. ಮಾಡಿದವನು ನಾನೇ. ಇಷ್ಟೆಲ್ಲ ಆದ ಮೇಲೂ.

ಅಲ್ಲಿನ ಸಬ್ ಇನ್‌ಸ್ಪೆಕ್ಟರ್ ಧಾರವಾಡದ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಆ ಹಾಳೆಯನ್ನು ನನ್ನ ಮುಂದಿಟ್ಟು, ಅಜ್ಜಿಗೆ ಓದಿ ಹೇಳಿದ್ರೇನ್ರಿ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. "ಇನ್ನ ಮ್ಯಾಲೆ ಪ್ರತಿಯೊಬ್ಬರಿಗೂ ಜೋರಾಗಿ ಓದಿ ಹೇಳ್ರಿ. ಅವರು ತಲಿ ಅಲ್ಲಾಡಿಸೂತನಕ ಮುಗೀಲಿಲ್ಲ ಅಂತ ತಿಳೀರಿ," ಎಂದರು. ಸಾಹಿತ್ಯ, ವ್ಯಾಕರಣ ಯಾವುದೂ ಅವರಿಗೆ ಬೇಕಿರಲಿಲ್ಲ. ಮೊದಲ ಸಲ ಓದಿ ಹೇಳಿದಾಗ ಒಬ್ಬ ಆಟೋ ಚಾಲಕ ನನ್ನ ಒಂದು ಪುಟದಲ್ಲಿ ಹನ್ನೊಂದು ಕಡೆ ತಿದ್ದಿದ. "ನಾನ್ ಎಲ್ ಸಾರ್ ಹಂಗಂದೆ?" ಎಂದು ಪ್ರತಿ ಸಲ ಕೇಳುವಾಗಲೂ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಈಗ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬಹುದಾದ ವಿದ್ಯೆ ಇದೊಂದೇ: ಬರೆದದ್ದನ್ನು ಓದಿ ಹೇಳಿ. ಹೇಳಿಕೆಗೆ ಹಿಡಿಯುವ ಹೊತ್ತು ಎರಡರಷ್ಟಾಗುತ್ತದೆ, ಊಟ ತಡವಾಗುತ್ತದೆ. ಆದರೂ ಓದಿ ಹೇಳಿ.

ನಾನು ಆ ಠಾಣೆಯಲ್ಲಿದ್ದಾಗಲೇ ಬೇರೆ ಠಾಣೆಯವರು ಒಬ್ಬ ಸರಗಳ್ಳನನ್ನು ಹಿಡಿದರು. ಸರ ಕರಗಿಸಿದ ಅಕ್ಕಸಾಲಿಗನೂ ಸಿಕ್ಕ, ಒಂದಿಷ್ಟು ಪದಕಗಳೂ ಸಿಕ್ಕವು. ಅದರಲ್ಲೊಂದು ಸರೋಜಮ್ಮನವರದು, ಹಿಂದುಗಡೆ ಅವರ ತಾಯಿಯ ಹೆಸರಿನ ಮೊದಲಕ್ಷರ ಕೊರೆದಿತ್ತು. ಕಳ್ಳನನ್ನು ನಾನೂ ಹೋಗಿ ನೋಡಿ ಬಂದೆ. ದಪ್ಪನೆಯ ಆಳು, ಅರ್ಧ ಬೋಳುತಲೆ. ಸಣಕಲು ಮಲ್ಲೇಶನಿಗೂ ಅವನಿಗೂ ಎರಡು ಕಣ್ಣು, ಒಂದು ಮೂಗು ಬಿಟ್ಟರೆ ಹೋಲಿಕೆಯೇ ಇರಲಿಲ್ಲ. ಆವತ್ತು ತೊಟ್ಟಿದ್ದು ಇಟ್ಟಿಗೆ ಬಣ್ಣದ ಅಂಗಿಯಂತೆ. ಕೆಂಪ್‌ಕೆಂಪ್ಗಿತ್ತು ಎಂದಿದ್ದ ಮುನಿಯಮ್ಮ ಸರಿಯಾಗಿಯೇ ಹೇಳಿದ್ದರು. ಕಡುಗೆಂಪು ಬಳಿದವನು ನಾನು.

ಪದಕ ಕೋರ್ಟಿನಿಂದ ಬಿಡುಗಡೆಯಾದ ಮೇಲೆ, ಅದನ್ನು ಕೊಟ್ಟು ವಿಷಯ ತಿಳಿಸಲು ಸರೋಜಮ್ಮನವರ ಮನೆಗೆ ನಾನೇ ಹೋದೆ. ಅವರು ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಹಿಂದುಗಡೆಯ ಅಕ್ಷರವನ್ನು ಬೆರಳಿನಿಂದ ಸವರಿದರು. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಹುಡುಕಿ ಹೇಳಿ ಬನ್ನಿ," ಎಂದರು. "ಇಬ್ಬರೂ ಅವನನ್ನ ಕಳ್ಳ ಅಂದಿದೀವಿ. ನನಗೆ ಮಂಡಿ ನೋವು, ಮೆಟ್ಟಿಲಿಳಿಯೋಕಾಗಲ್ಲ. ನಿಮಗೆ ಆ ನೆಪವೂ ಇಲ್ಲ."

ಹುಡುಕುವುದು ಕಷ್ಟವಾಗಲಿಲ್ಲ. ಬಿಟಿಎಂ ಲೇಔಟಿನಲ್ಲೇ ಒಂದು ಸಣ್ಣ ಖಾನಾವಳಿ ಇಟ್ಟಿದ್ದ. ನಾನು ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಒಳಗೆ ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆಫೀಸಿನ ಹುಡುಗ ಹುಡುಗಿಯರು ಬಾಗಿಲವರೆಗೂ ನಿಂತಿದ್ದರು. ಮಲ್ಲೇಶನ ಮೈ ಸ್ವಲ್ಪ ತುಂಬಿಕೊಂಡಿತ್ತು, ಕಿವಿಯ ಬಳಿ ಕೂದಲು ನರೆತಿತ್ತು. ನಾನು ಯೂನಿಫಾರಂನಲ್ಲಿರಲಿಲ್ಲ. ಆದರೂ ಒಂದೇ ನೋಟಕ್ಕೆ ಗುರುತು ಹಿಡಿದ. ಮುಖದ ಬಣ್ಣ ಒಂದು ಕ್ಷಣ ಇಳಿಯಿತು. ಆಮೇಲೆ ಮೂಲೆಯ ಮೇಜು ಒರೆಸಿ, ಕೂಡ್ರಿ ಎಂದ.

ದಾರಿಯುದ್ದಕ್ಕೂ ನಾನೊಂದು ಮಾತು ಸಿದ್ಧಮಾಡಿಕೊಂಡು ಬಂದಿದ್ದೆ. ವಿಷಾದ, ಪಶ್ಚಾತ್ತಾಪ, ಅಂತಃಕರಣ, ಎಲ್ಲವೂ ಇದ್ದ ಮಾತು. ಅವನು ತಟ್ಟೆ ತಂದಿಟ್ಟಾಗ ಅದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ.

"ಆ ಸರದ ಕೇಸಲ್ಲಿ ನಿಜವಾದ ಕಳ್ಳ ಸಿಕ್ಕಿದಾನಪ್ಪ," ಎಂದೆ. "ನೀನಲ್ಲ ಅಂತ ಗೊತ್ತಾಯ್ತು."

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಸಿಟ್ಟಿರಲಿಲ್ಲ. ನನಗೆ ಏನೋ ತಿಳಿಯದೆ ಹೋಗಿದೆ, ತಾನೇ ತಿಳಿಸಿ ಹೇಳಬೇಕು ಎನ್ನುವ ಹಾಗಿತ್ತು ಮುಖ.

"ನಾ ಅಲ್ಲಂತ ನನಗ ಮೊದಲನೇ ದಿನಾನ ಗೊತ್ತಿತ್ತಲ್ರಿ ಸಾಹೇಬ್ರ," ಎಂದ.

ಒಳಗಿನಿಂದ ಹೆಂಡತಿ ಕೂಗಿದಳು. ಅವನು ಹೋಗಿ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಿ, ಬದನೆಕಾಯಿ ಪಲ್ಯ ಹಾಕಲೇ ಎಂದು ಕೇಳಿದ. ಹಾಕು ಎಂದೆ.